ಮಕ್ಕಳಿಂದ ಪಾಸ್‌ವರ್ಡ್ ಕೇಳದ ಉಚಿತ ಸಾಧನಗಳು: ಪ್ರಾಥಮಿಕ ತರಗತಿಯಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಕೈಕೊಡುತ್ತದೆ

6 ವರ್ಷದ ಮಗು ಕೀಬೋರ್ಡಿನ ಮೇಲೆ ಒಂದೊಂದೇ ಅಕ್ಷರ ಹುಡುಕಿ ಯೂಸರ್‌ನೇಮ್ ಒತ್ತಬೇಕು, ಆಮೇಲೆ ಪಾಸ್‌ವರ್ಡ್. ಕ್ಯಾಪ್ಸ್ ಲಾಕ್ ಆನ್ ಆಗಿದ್ದರೆ ತಪ್ಪು, ಮತ್ತೆ ಮೊದಲಿನಿಂದ. ಇಂಥ 30 ಮಕ್ಕಳಿದ್ದರೆ 40 ನಿಮಿಷದ ಪೀರಿಯಡ್‌ನಲ್ಲಿ ಅರ್ಧ ಲಾಗಿನ್‌ಗೇ ಹೋಗುತ್ತದೆ. ಯಾವ ಕಂಪನಿಯ ಜಾಹೀರಾತಿನಲ್ಲೂ ಈ 20 ನಿಮಿಷದ ಲೆಕ್ಕ ಇರುವುದಿಲ್ಲ. ಅದಕ್ಕೇ ಒಂದರಿಂದ ಐದನೇ ತರಗತಿಗೆಂದು ಉಚಿತ ಸಾಧನವೊಂದನ್ನು ಆರಿಸುವಾಗ, ಅದರಲ್ಲಿ ಏನೇನಿದೆ ಎನ್ನುವುದಕ್ಕಿಂತ ಮೊದಲು ಅದು ಮಗುವಿನಿಂದ ಏನೇನು ಕೇಳುತ್ತದೆ ಎಂದು ನೋಡಬೇಕು. ಖಾತೆ ಬೇಕೇ? ಸರಾಗವಾಗಿ ಓದಲು ಬರಬೇಕೇ? ಇಂಟರ್ನೆಟ್ ಇರಲೇಬೇಕೇ? ಎಷ್ಟು ಕಡಿಮೆ ಕೇಳುತ್ತದೋ ಅಷ್ಟು ಒಳ್ಳೆಯದು. ಹೀಗೆ ತೂಗಿದರೆ ಬಹಳ ಹೆಸರು ಮಾಡಿದ ಕೆಲವು ಸಾಧನಗಳು ಕೆಳಗಿಳಿಯುತ್ತವೆ, ಹಳತಾಯಿತೆಂದು ಬದಿಗಿಟ್ಟವು ಮೇಲೆ ಬರುತ್ತವೆ.

ಮೇಲೆ ಬರುವವುಗಳಲ್ಲಿ ಮೊದಲನೆಯದು ಟಕ್ಸ್ ಪೇಂಟ್. ಬಿಲ್ ಕೆಂಡ್ರಿಕ್ 2002ರಲ್ಲಿ ಶುರು ಮಾಡಿದ ಚಿತ್ರ ಬಿಡಿಸುವ ತಂತ್ರಾಂಶ ಇದು. 3ರಿಂದ 12 ವರ್ಷದ ಮಕ್ಕಳಿಗೆಂದೇ ಮಾಡಿದ್ದು, ಮುಕ್ತ ತಂತ್ರಾಂಶ, ಜಾಹೀರಾತಿಲ್ಲ, ಖಾತೆ ಇಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರಲ್ಲೂ ಓಡುತ್ತದೆ, ಮೆನುಗಳನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ಇದರ ಜಾಣತನವೆಲ್ಲ ಸೇವ್ ಮಾಡುವ ಕ್ರಮದಲ್ಲಿದೆ. ಫೈಲಿಗೆ ಹೆಸರು ಕೊಡಿ, ಫೋಲ್ಡರ್ ಆರಿಸಿ ಎಂದು ಕೇಳುವುದೇ ಇಲ್ಲ. ಸೇವ್ ಒತ್ತಿದರೆ ಮುಗಿಯಿತು. ಮತ್ತೆ ತೆರೆಯುವಾಗ ಚಿತ್ರಗಳೇ ಸಣ್ಣದಾಗಿ ಸಾಲಾಗಿ ಕಾಣುತ್ತವೆ, ಮಗು ತನ್ನದನ್ನು ಗುರುತಿಸಿ ಒತ್ತುತ್ತದೆ. ಅಕ್ಷರ ಕಲಿಯದ ಮಗುವೂ ತನ್ನ ಕೆಲಸವನ್ನು ತಾನೇ ಹುಡುಕಿಕೊಳ್ಳಬಹುದು.

ಆದರೆ ಇನ್‌ಸ್ಟಾಲ್ ಮಾಡಿ ಹಾಗೆಯೇ ಮಕ್ಕಳ ಮುಂದಿಟ್ಟರೆ ಮೊದಲ ದಿನವೇ ಗಲಾಟೆ. ಟಕ್ಸ್ ಪೇಂಟ್ ಕಾನ್ಫಿಗ್ ಎಂಬ ಪ್ರತ್ಯೇಕ ಸೆಟ್ಟಿಂಗ್ ಕಾರ್ಯಕ್ರಮ ಇದೆ, ಅದನ್ನು ಪ್ರತಿ ಕಂಪ್ಯೂಟರಿನಲ್ಲೂ ಒಮ್ಮೆ ತೆರೆಯಬೇಕು. ಶಬ್ದವನ್ನು ನಿಲ್ಲಿಸಿಬಿಡಿ, 15 ಕಂಪ್ಯೂಟರುಗಳು ಒಟ್ಟಿಗೆ ಕಿಚಪಿಚ ಎಂದರೆ ಪಾಠ ನಡೆಯದು. ಇಲ್ಲಿ ನಿಲ್ಲಿಸಿದ ಶಬ್ದವನ್ನು ಪಾಠದ ಮಧ್ಯೆ ಆಲ್ಟ್ ಮತ್ತು ಎಸ್ ಒಟ್ಟಿಗೆ ಒತ್ತಿ ಮರಳಿ ತರಲಾಗದು. ಪೂರ್ತಿ ಪರದೆ ಆನ್ ಮಾಡಿ, ಕ್ವಿಟ್ ಬಟನ್ ತೆಗೆಯಿರಿ. ಆಮೇಲೆ ಹೊರಬರುವುದು ಹೇಗೆ ಎಂದು ಟೀಚರೇ ತಡಕಾಡುವಂತಾಗಬಾರದು: ಶಿಫ್ಟ್, ಕಂಟ್ರೋಲ್, ಎಸ್ಕೇಪ್ ಮೂರೂ ಒಟ್ಟಿಗೆ. ಪ್ರಿಂಟರ್ ಇದ್ದರೆ ಪ್ರಿಂಟ್‌ಗೆ ಕೆಲವು ಸೆಕೆಂಡುಗಳ ಅಂತರ ಹಾಕುವ ಆಯ್ಕೆ ಇದೆ. ಪ್ರಿಂಟ್ ಬಟನ್ ಒತ್ತಿದೊಡನೆ ಕಾಗದ ಬರುತ್ತದೆ ಎಂದು ಮಕ್ಕಳಿಗೆ ಗೊತ್ತಾದ ಮೇಲೆ ಶಾಯಿ ಉಳಿಯುವುದು ಕಷ್ಟ. ಅಂತರ ಹಾಕುವುದಕ್ಕಿಂತ ಪ್ರಿಂಟನ್ನೇ ಮುಚ್ಚುವುದು ಲೇಸು.

ಇದಕ್ಕಿಂತ ಮುಖ್ಯವಾದ ಸೆಟ್ಟಿಂಗ್ ಒಂದಿದೆ, ಬಹಳ ಕಡೆ ಅದನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ಚಿತ್ರವನ್ನು ತೆರೆದು ತಿದ್ದಿ ಸೇವ್ ಒತ್ತಿದಾಗ, ಹಳೆಯದರ ಮೇಲೆಯೇ ಬರೆಯಲೇ, ಹೊಸದಾಗಿ ಇಡಲೇ ಎಂದು ಟಕ್ಸ್ ಪೇಂಟ್ ಕೇಳುತ್ತದೆ. ಒಂದೇ ಕಂಪ್ಯೂಟರನ್ನು ಬೇರೆ ಬೇರೆ ಮಕ್ಕಳು ಬಳಸುವಾಗ ಈ ಪ್ರಶ್ನೆಯೇ ಜಗಳದ ಮೂಲ. ಮೊದಲ ಪಾಳಿಯ ಮಗು ಬಿಡಿಸಿದ ಆನೆಯ ಮೇಲೆ ಎರಡನೇ ಪಾಳಿಯ ಮಗು ಮಳೆ ಸುರಿಸಿ, ಹಸಿರು ಗುರುತು ಕಂಡದ್ದನ್ನು ಒತ್ತುತ್ತದೆ. ಆನೆ ಹೋಯಿತು. ಸೇವ್ ವಿಭಾಗದಲ್ಲಿ ‘ಯಾವಾಗಲೂ ಹೊಸ ಚಿತ್ರವಾಗಿ ಉಳಿಸು’ ಎಂಬ ಆಯ್ಕೆ ಹಾಕಿದರೆ ಈ ಪ್ರಶ್ನೆ ಬರುವುದೇ ಇಲ್ಲ. ಚಿತ್ರಗಳ ಸಂಖ್ಯೆ ಏರುತ್ತದೆ ನಿಜ, ತಿಂಗಳಿಗೊಮ್ಮೆ ಬೇರೆ ಫೋಲ್ಡರಿಗೆ ಸಾಗಿಸಿದರಾಯಿತು.

ಇನ್ನೊಂದು ತೊಡಕು ಪರದೆಯ ಅಳತೆಯದು. ಟಕ್ಸ್ ಪೇಂಟ್‌ನ ಕ್ಯಾನ್ವಾಸ್ ಎಷ್ಟು ದೊಡ್ಡದು ಎನ್ನುವುದು ವಿಂಡೋ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಿಂತಿದೆ. ಒಂದು ಯಂತ್ರದಲ್ಲಿ ಬಿಡಿಸಿದ್ದನ್ನು ಬೇರೆ ಅಳತೆಯ ಯಂತ್ರದಲ್ಲಿ ತೆರೆದರೆ ಚಿತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಅಂಚಿನ ಬಣ್ಣ ಎಳೆದಂತೆ ಹರಡಿಕೊಳ್ಳುತ್ತದೆ. ಎಲ್ಲ ಯಂತ್ರಗಳಲ್ಲೂ ಒಂದೇ ವಿಂಡೋ ಅಳತೆ ಇಟ್ಟರೆ ಈ ಕಾಟವಿಲ್ಲ.

ಪಾಠಕ್ಕೆ ನಿಜವಾಗಿ ಒದಗುವುದು ಸ್ಟಾರ್ಟರ್. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಗೆರೆಯ ಚಿತ್ರವೊಂದನ್ನು ಪಿಎನ್‌ಜಿ ಫೈಲ್ ಮಾಡಿ ಸ್ಟಾರ್ಟರ್ಸ್ ಫೋಲ್ಡರಿನಲ್ಲಿ ಹಾಕಿದರೆ, ಹೊಸ ಚಿತ್ರ ಎಂದು ಒತ್ತಿದಾಗ ಅದೂ ಸಾಲಿನಲ್ಲಿ ಕಾಣುತ್ತದೆ. ಹೂವಿನ ಭಾಗಗಳು, ಖಾಲಿ ಗಡಿಯಾರದ ಮುಖ, ಹತ್ತು ಚೌಕದ ಸಂಖ್ಯಾಪಟ್ಟಿ, ಏನನ್ನಾದರೂ ಹಾಕಬಹುದು. ಮಗು ಎಷ್ಟೇ ಬಣ್ಣ ಬಳಿದರೂ ಮೂಲ ಗೆರೆ ಅಳಿಯುವುದಿಲ್ಲ. ಗೆರೆಯಲ್ಲಿ ಎಲ್ಲೂ ಬಿರುಕಿಲ್ಲದಂತೆ ನೋಡಿಕೊಳ್ಳಬೇಕು, ಒಂದು ಚುಕ್ಕೆಯಷ್ಟು ಸಂದಿ ಇದ್ದರೂ ಬಣ್ಣ ತುಂಬುವ ಉಪಕರಣ ಪರದೆಯನ್ನೆಲ್ಲ ಒಂದೇ ಬಣ್ಣ ಮಾಡುತ್ತದೆ. ಭಾಗಗಳಿಗೆ ಹೆಸರು ಬರೆಸುವಾಗ ಟೆಕ್ಸ್ಟ್ ಬದಲು ಲೇಬಲ್ ಬಳಸಿ. ಟೆಕ್ಸ್ಟ್‌ನಲ್ಲಿ ಒಮ್ಮೆ ಕೂತ ಅಕ್ಷರ ಚಿತ್ರಕ್ಕೇ ಅಂಟಿಬಿಡುತ್ತದೆ, ಲೇಬಲ್‌ನದನ್ನು ಆಮೇಲೆ ಸರಿಸಬಹುದು, ತಿದ್ದಬಹುದು. ವಿಂಡೋಸ್‌ನಲ್ಲಿ ಸ್ಟಾಂಪ್ ಚಿತ್ರಗಳ ಸಂಗ್ರಹ ಬೇರೆ ಡೌನ್‌ಲೋಡ್ ಎಂಬುದನ್ನು ಮರೆಯಬೇಡಿ.

ಜೀಕಾಂಪ್ರಿ ಇದರ ಜೊತೆಗಾರ. ಫ್ರಾನ್ಸಿನ ಬ್ರೂನೋ ಕೂದ್ವಾ 2000ದಲ್ಲಿ ಆರಂಭಿಸಿದ್ದು, ಈಗ ಮುಕ್ತ ತಂತ್ರಾಂಶ ರೂಪಿಸುವ ಕೆಡಿಇ ಸಮುದಾಯದ ಯೋಜನೆ. 2ರಿಂದ 10 ವರ್ಷದವರಿಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ, ಮೌಸ್ ಹಿಡಿಯುವುದರಿಂದ ಹಿಡಿದು ವಿದ್ಯುತ್ ಸರ್ಕ್ಯೂಟ್‌ವರೆಗೆ. ಈ ಹೇರಳತೆಯೇ ಇದರ ಸಮಸ್ಯೆ. ಹೇಳಿದ್ದನ್ನು ಬಿಟ್ಟು ಮಕ್ಕಳು ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಪೀರಿಯಡ್ ಕಳೆಯುತ್ತಾರೆ. ಪರಿಹಾರ ತಂತ್ರಾಂಶದೊಳಗೇ ಇದೆ. ಪ್ರತಿ ಚಟುವಟಿಕೆಗೂ ಒಂದರಿಂದ ಆರರವರೆಗೆ ನಕ್ಷತ್ರಗಳ ಮಟ್ಟ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಮೇಲಿನ ಮಿತಿ ಇಳಿಸಿದರೆ ಕಷ್ಟದವು ಮಾಯವಾಗುತ್ತವೆ. ಆ ವಾರಕ್ಕೆ ಬೇಕಾದ ಮೂರು ನಾಲ್ಕನ್ನು ಮಾತ್ರ ಮೆಚ್ಚಿನವು ಎಂದು ಗುರುತು ಮಾಡಿದರೆ ಅವೆಲ್ಲ ಮೊದಲ ಪುಟದಲ್ಲಿ ಸಿಗುತ್ತವೆ. ಮಕ್ಕಳು ಸೆಟ್ಟಿಂಗ್‌ಗೆ ಹೋಗದಂತೆ, ಹೊರಗೆ ಬರದಂತೆ ತಡೆಯಲು ಕಿಯೋಸ್ಕ್ ಮೋಡ್ ಇದೆ. ಚಟುವಟಿಕೆಯೊಳಗೆ ಡೇಟಾಸೆಟ್ ಎಂಬ ಪಟ್ಟಿ ತೆರೆದು 5ರವರೆಗಿನ ಕೂಡುವಿಕೆ ಸಾಕೋ 10ರವರೆಗೆ ಬೇಕೋ ಎಂಬಂತೆ ಆರಿಸಬಹುದು. ಈ ಪಟ್ಟಿ ಬಿಟ್ಟುಬಿಟ್ಟರೆ ಮಗು ಮೊದಲ ಮಟ್ಟದಲ್ಲೇ ಆಡುತ್ತಾ ಕೂರುತ್ತದೆ, ಇಲ್ಲವೇ ಒಮ್ಮೆಲೇ ಮೇಲಕ್ಕೆ ಹಾರಿ ಸೋಲುತ್ತದೆ.

ಮೌಸ್ ಗೊತ್ತಿಲ್ಲದ ಮಕ್ಕಳಿಗೆ ಕ್ರಮ ತಪ್ಪಿಸಬಾರದು. ಮೊದಲು ಮೌಸ್ ಆಡಿಸಿ ಪರದೆಯ ಇಟ್ಟಿಗೆಗಳನ್ನು ಅಳಿಸುವುದು, ಆಮೇಲೆ ಒಂದು ಕ್ಲಿಕ್, ಆಮೇಲೆ ಡಬಲ್ ಕ್ಲಿಕ್, ಕೊನೆಗೆ ಎಳೆದು ತಂದು ಬಿಡುವ ಒಗಟುಗಳು. ಎಳೆಯುವಾಗ ಬಟನ್ ಒತ್ತಿ ಹಿಡಿದಿರುವುದು ಸಣ್ಣ ಬೆರಳಿಗೆ ಕಷ್ಟ, ಅದಕ್ಕೇ ಅದು ಕೊನೆಗೆ. ಟಚ್ ಪರದೆ ಇದ್ದರೆ ಈ ಹಂತಗಳಲ್ಲಿ ಅರ್ಧ ಬೇಕಾಗುವುದೇ ಇಲ್ಲ.

ಜೀಕಾಂಪ್ರಿಯಲ್ಲಿ ಧ್ವನಿಗಳು ಸಾಮಾನ್ಯವಾಗಿ ಪ್ಯಾಕೇಜಿನೊಳಗೆ ಬರುವುದಿಲ್ಲ, ಮೊದಲ ಸಲ ತೆರೆದಾಗ ನೆಟ್‌ನಿಂದ ಇಳಿಯುತ್ತವೆ. ನೆಟ್ ಇಲ್ಲದ ಕೊಠಡಿಯಲ್ಲಿ ಮೊದಲ ಸಲ ತೆರೆದರೆ ಮಾತನಾಡಿ ಸೂಚನೆ ಕೊಡುವ ಚಟುವಟಿಕೆಗಳೆಲ್ಲ ಮೂಕವಾಗಿಬಿಡುತ್ತವೆ. ನೆಟ್ ಇರುವ ಕಡೆ ಒಮ್ಮೆ ತೆರೆದು, ಧ್ವನಿ ಮತ್ತು ಪದಗಳ ಚಿತ್ರಗಳು ಪೂರ್ತಿ ಇಳಿಯುವವರೆಗೆ ಕಾಯಬೇಕು. ಹಿನ್ನೆಲೆ ಸಂಗೀತವನ್ನು ನಿಲ್ಲಿಸಿ, ಧ್ವನಿಯನ್ನು ಮಾತ್ರ ಬಿಡಿ. ಎರಡಕ್ಕೂ ಬೇರೆ ಬೇರೆ ಸ್ವಿಚ್ ಇದೆ. ಹಣ ಎಣಿಸುವ ಚಟುವಟಿಕೆಯಲ್ಲಿ ಯೂರೋ ನಾಣ್ಯ, ನೋಟುಗಳು ಬರುತ್ತವೆ, ಆ ಪಾಠಕ್ಕೆ ಇದನ್ನು ನೆಚ್ಚಬೇಡಿ. ಇನ್ನು, ಯಾವ ಮಗು ಎಲ್ಲಿ ಎಡವಿತು ಎಂಬ ವರದಿ ಈ ಆ್ಯಪ್‌ನಿಂದ ಸಿಗದು. ಅಭ್ಯಾಸಕ್ಕೆ ಸರಿ, ಮೌಲ್ಯಮಾಪನಕ್ಕಲ್ಲ.

ಮೌಲ್ಯಮಾಪನಕ್ಕೆ ಪ್ಲಿಕರ್ಸ್. ಮಕ್ಕಳ ಕೈಯಲ್ಲಿ ಯಾವ ಯಂತ್ರವೂ ಬೇಡ, ಕಾಗದದ ಕಾರ್ಡ್ ಸಾಕು. ಪ್ರತಿ ಕಾರ್ಡಿನ ಮೇಲೂ ಬೇರೆ ಬೇರೆ ಕಪ್ಪು ಆಕಾರ, ಮೂಲೆಯಲ್ಲಿ ಸಂಖ್ಯೆ, ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಸಣ್ಣ ಅಕ್ಷರ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡ್ ತಿರುಗಿಸಿ ಎತ್ತಿ ಹಿಡಿಯುತ್ತದೆ. ಟೀಚರ್ ಫೋನಿನ ಕ್ಯಾಮೆರಾವನ್ನು ತರಗತಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಸಾಗಿಸಿದರೆ ಯಾರು ಏನು ಉತ್ತರಿಸಿದರು ಎಂಬುದು ಹೆಸರು ಸಮೇತ ಪರದೆಗೆ ಬರುತ್ತದೆ. ಅಕ್ಷರ ಸಣ್ಣದಾಗಿರುವುದರಿಂದ, ಆಕಾರ ಒಬ್ಬೊಬ್ಬರದು ಒಂದೊಂದು ಆಗಿರುವುದರಿಂದ ಪಕ್ಕದವರದನ್ನು ನೋಡಿ ಬರೆಯುವ ದಾರಿಯೂ ಮುಚ್ಚಿದೆ. ಕೈ ಎತ್ತಿ ಎಂದರೆ ಹಿಂದಿನ ಬೆಂಚಿನವರು ಮುಂದಿನವರನ್ನು ನೋಡಿ ಎತ್ತುತ್ತಾರಲ್ಲ, ಆ ರೋಗಕ್ಕೆ ಇದು ನೇರ ಮದ್ದು.

ಕಾರ್ಡ್ ತಯಾರಿಯಲ್ಲಿ ಕೈ ಬಿಗಿ ಮಾಡಬಾರದು. ಉಚಿತವಾಗಿ ಸಿಗುವ ಪಿಡಿಎಫ್‌ನಲ್ಲಿ ಸಾಮಾನ್ಯ ಗುಂಪಿಗೆ 40 ಕಾರ್ಡ್, ದೊಡ್ಡ ತರಗತಿಗೆ 63ರ ಗುಂಪು ಬೇರೆ ಇದೆ. ತೆಳು ಕಾಗದ ಬಾಗುತ್ತದೆ, ಬಾಗಿದರೆ ಆಕಾರ ಓದುವುದಿಲ್ಲ. ದಪ್ಪ ಕಾಗದಕ್ಕೆ ಪ್ರಿಂಟ್ ಮಾಡಿ, ಇಲ್ಲವೇ ರಟ್ಟಿಗೆ ಅಂಟಿಸಿ. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಕಿಟಕಿಯ ಬೆಳಕು ಪ್ರತಿಫಲಿಸಿ ಅರ್ಧ ಕಾರ್ಡುಗಳು ಕ್ಯಾಮೆರಾಗೆ ಬಿಳಿಯಾಗಿ ಕಾಣುತ್ತವೆ, ಹೊಳಪಿಲ್ಲದ ಮ್ಯಾಟ್ ಹಾಳೆಯನ್ನೇ ಕೇಳಿ. ಆಕಾರದ ಸುತ್ತಲಿನ ಬಿಳಿ ಅಂಚನ್ನು ಕತ್ತರಿಸಬೇಡಿ, ಬೆರಳು ಹಿಡಿಯಲು ಜಾಗ ಅದೇ. ಓದದ ಕಾರ್ಡ್ ಇದೆ ಎಂದರೆ ನೂರರಲ್ಲಿ ತೊಂಬತ್ತು ಸಲ ಹೆಬ್ಬೆರಳು ಕಪ್ಪು ಭಾಗದ ಮೇಲೆ ಕೂತಿರುತ್ತದೆ. ಒಂದೆರಡನೇ ತರಗತಿಯಲ್ಲಿ ಮೊದಲು ಎಲ್ಲರಿಗೂ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ, ಕಾರ್ಡ್ ತಿರುಗಿಸುವುದನ್ನಷ್ಟೇ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ಲೆಕ್ಕ ಗೊತ್ತಿಲ್ಲದ ಮಗು ಯಾವುದು, ಕಾರ್ಡ್ ತಿರುಗಿಸಲು ಗೊತ್ತಿಲ್ಲದ ಮಗು ಯಾವುದು ಎಂದು ವರದಿ ನೋಡಿ ಹೇಳಲಾಗದು. ಟೀಚರಿಗೆ ಖಾತೆ ಬೇಕು, ಅವರ ಫೋನಿಗೆ ನೆಟ್ ಬೇಕು. ಉಚಿತ ಖಾತೆಯಲ್ಲಿ ಒಂದು ಗುಂಪಿಗೆ ಇಡಬಹುದಾದ ಪ್ರಶ್ನೆಗಳಿಗೆ ಮಿತಿ ಇದೆ, ಆದರೆ ಪಾಠದ ನಡುವೆ ಮೂರು ನಾಲ್ಕು ಪ್ರಶ್ನೆ ಕೇಳುವವರಿಗೆ ಅದು ಅಡ್ಡಿಯಾಗದು.

ಪರದೆಯ ಮೇಲಿನ ಪ್ರಶ್ನೆಗೆ ಬಣ್ಣದ ಬಟನ್ ಒತ್ತಿ ಉತ್ತರಿಸುವ ಕ್ವಿಜ್ ಆಟ ಕಹೂಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಕ್ಕಳಿಗೆ ಇಷ್ಟ, ಅದರಲ್ಲಿ ಅನುಮಾನವಿಲ್ಲ. ಆದರೆ ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುವುದು ಅದರ ಮೂಲ ನಿಯಮ, ನಿಧಾನವಾಗಿ ಓದುವ ಮಗು ಉತ್ತರ ಗೊತ್ತಿದ್ದೂ ಕೆಳಗೇ ಉಳಿಯುತ್ತದೆ. ಎರಡನೇ ಸುತ್ತಿನ ಹೊತ್ತಿಗೆ ಊಹೆಯ ಮೇಲೆ ಬಣ್ಣ ಒತ್ತುವವರೇ ಹೆಚ್ಚು. ಬಳಸಲೇಬೇಕೆಂದರೆ ಪ್ರತಿ ಪ್ರಶ್ನೆಯ ಸಮಯವನ್ನು 60 ಸೆಕೆಂಡ್‌ಗೋ ಅದಕ್ಕೂ ಹೆಚ್ಚಿಗೋ ಏರಿಸಿ, ಅಂಕವಿಲ್ಲದ ಆಯ್ಕೆ ಹಾಕಿ, ಅಡ್ಡಹೆಸರುಗಳ ತಮಾಷೆ ತಪ್ಪಿಸಲು ಹೆಸರು ತಾನೇ ಕೊಡುವ ಸೌಲಭ್ಯ ಆನ್ ಮಾಡಿ. ಇಷ್ಟೆಲ್ಲ ಮಾಡಿದ ಮೇಲೆ ಅದು ಕಹೂಟ್ ಎನಿಸಿಕೊಳ್ಳುವುದಿಲ್ಲ ಎಂದು ಮಕ್ಕಳೇ ಹೇಳುತ್ತಾರೆ!

ಟ್ಯಾಬ್ಲೆಟ್ ಇರುವ ಶಾಲೆಗೆ ಸ್ಕ್ರ್ಯಾಚ್‌ಜೂನಿಯರ್, ಬ್ಲಾಕುಗಳನ್ನು ಸಾಲಾಗಿ ಜೋಡಿಸಿ ಬೆಕ್ಕಿನಂಥ ಪಾತ್ರಗಳನ್ನು ಆಡಿಸುವ ಪ್ರೋಗ್ರಾಮಿಂಗ್ ಆ್ಯಪ್. 5ರಿಂದ 7 ವರ್ಷದವರಿಗಾಗಿ ಟಫ್ಟ್ಸ್ ವಿಶ್ವವಿದ್ಯಾಲಯ ಮತ್ತು ಎಂಐಟಿಯ ತಂಡಗಳು ಪ್ಲೇಫುಲ್ ಇನ್ವೆನ್ಷನ್ ಕಂಪನಿಯ ಜೊತೆ ಸೇರಿ ಮಾಡಿದ್ದು, 2014ರಲ್ಲಿ ಐಪ್ಯಾಡ್‌ಗೆ ಬಂತು. ಬ್ಲಾಕುಗಳ ಮೇಲೆ ಪದಗಳಿಲ್ಲ, ಚಿತ್ರಗಳಷ್ಟೇ. ಹಳದಿ ಬ್ಲಾಕ್ ಶುರು ಮಾಡಲು, ನೀಲಿ ಚಲನೆಗೆ, ನೇರಳೆ ರೂಪಕ್ಕೆ, ಹಸಿರು ಧ್ವನಿಗೆ, ಕಿತ್ತಳೆ ನಿಯಂತ್ರಣಕ್ಕೆ, ಕೆಂಪು ಮುಗಿಸಲು. ಗಣಿತದ ಟೀಚರುಗಳು ಗಮನಿಸಬೇಕಾದ್ದು ಗ್ರಿಡ್ ಬಟನ್. ಅದನ್ನು ಒತ್ತಿದರೆ ವೇದಿಕೆಯ ಮೇಲೆ 20 ಅಡ್ಡ, 15 ಉದ್ದದ ಚೌಕಗಳು ಸಂಖ್ಯೆ ಸಮೇತ ಕಾಣುತ್ತವೆ. 4ನೇ ಚೌಕದಲ್ಲಿರುವ ಬೆಕ್ಕು 11ಕ್ಕೆ ಹೋಗಬೇಕು, ಬಾಣದ ಬ್ಲಾಕಿನಲ್ಲಿ ಎಷ್ಟು ಹಾಕಬೇಕು? ಕಳೆಯುವ ಲೆಕ್ಕ ಕಲಿಸಲು ಬೇರೆ ಆಟ ಬೇಡ. ಸಂಖ್ಯೆ ಹೆಚ್ಚಾದರೆ ಬೆಕ್ಕು ಬಲಗಡೆಯಿಂದ ಹೊರಟು ಎಡಗಡೆಯಿಂದ ಒಳಬರುತ್ತದೆ, ಇದನ್ನು ಮಕ್ಕಳು ದೋಷ ಎಂದುಕೊಳ್ಳುತ್ತಾರೆ, ಮೊದಲೇ ತೋರಿಸಿಬಿಡಿ.

ಕೆಟ್ಟು ನಿಲ್ಲುವ ಜಾಗಗಳು ಎರಡೇ ಎರಡು. ಬೆಕ್ಕು ಎಲ್ಲೋ ಹೋಗಿ ನಿಂತಿದೆ, ಮತ್ತೆ ಹಸಿರು ಬಾವುಟ ಒತ್ತಿದರೆ ಸರಿಯಾಗಿ ನಡೆಯುತ್ತಿಲ್ಲ ಎಂಬ ದೂರು ಬಂದಾಗ, ಎಲ್ಲರನ್ನೂ ಮೊದಲಿನ ಜಾಗಕ್ಕೆ ಕಳಿಸುವ ಬಟನ್ ತೋರಿಸಿ. ಮುಂದಿನ ಪುಟಕ್ಕೆ ಹೋಗುತ್ತಿಲ್ಲ ಎಂದರೆ ಮಗು ಕೊನೆಯಲ್ಲಿ ‘ಸದಾ ಸುತ್ತು’ ಬ್ಲಾಕ್ ಹಾಕಿರುತ್ತದೆ. ಅದೂ ಪುಟ ಬದಲಿಸುವುದೂ ಎರಡೂ ಕೊನೆಯ ಬ್ಲಾಕುಗಳೇ, ಒಂದು ಸಾಲಿನಲ್ಲಿ ಒಂದಕ್ಕೇ ಜಾಗ. ಒಂದು ಪ್ರಾಜೆಕ್ಟಿಗೆ 4 ಪುಟ ಮಾತ್ರ, ಕತೆಯನ್ನು ಮೊದಲು ಕಾಗದದ ಮೇಲೆ ನಾಲ್ಕು ಚೌಕದಲ್ಲಿ ಬರೆಸಿಕೊಂಡರೆ ಐದನೇ ಪುಟಕ್ಕಾಗಿ ಅಳುವವರು ಇರುವುದಿಲ್ಲ. ಕೆಲಸವೆಲ್ಲ ಆ ಟ್ಯಾಬ್ಲೆಟ್‌ನಲ್ಲೇ ಉಳಿಯುತ್ತದೆ, ತಾನಾಗಿ ಎಲ್ಲೂ ಅಪ್‌ಲೋಡ್ ಆಗುವುದಿಲ್ಲ. ಖಾಸಗಿತನಕ್ಕೆ ಇದು ಒಳ್ಳೆಯದೇ, ಆದರೆ ಯಾರೋ ಜಾಗ ಸಾಲದೆಂದು ಆ್ಯಪ್ ತೆಗೆದು ಮತ್ತೆ ಹಾಕಿದರೆ ಎಲ್ಲವೂ ಹೋಯಿತು. ಟ್ಯಾಬ್ಲೆಟ್‌ಗಳಿಗೆ ನಂಬರ್ ಅಂಟಿಸಿ, ಅದೇ ಮಗುವಿಗೆ ಅದೇ ನಂಬರ್ ಕೊಡಿ.

ನಾಲ್ಕು, ಐದನೇ ತರಗತಿಗೆ ಫೆಟ್ ಸಿಮ್ಯುಲೇಷನ್‌ಗಳು, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಯೋಜನೆ. ಭಿನ್ನರಾಶಿ, ತಕ್ಕಡಿಯ ಸಮತೋಲ, ಬ್ಯಾಟರಿ ಬಲ್ಬಿನ ಸರ್ಕ್ಯೂಟ್, ಈ ಮೂರು ಪ್ರಾಥಮಿಕಕ್ಕೆ ಚೆನ್ನಾಗಿ ಹೊಂದುತ್ತವೆ. ಎಚ್‌ಟಿಎಂಎಲ್ ಫೈಲನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ಪುಟ ರಿಫ್ರೆಶ್ ಆದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮಕ್ಕಳ ನೋಟ್‌ಬುಕ್ ಪಕ್ಕದಲ್ಲೇ ಇರಲಿ: ಮೊದಲು ಊಹೆ ಬರೆಯಬೇಕು, ಆಮೇಲೆ ತಕ್ಕಡಿಯ ಆಧಾರ ತೆಗೆಯಬೇಕು. ಸರ್ಕ್ಯೂಟ್‌ನಲ್ಲಿ ತಂತಿಯನ್ನು ಬಲ್ಬಿಲ್ಲದೆ ನೇರ ಜೋಡಿಸಿದರೆ ಬ್ಯಾಟರಿಗೆ ಬೆಂಕಿ ಹತ್ತಿದಂತೆ ತೋರಿಸುತ್ತದೆ. ಎಲ್ಲ ಮಕ್ಕಳೂ ಮೊದಲು ಮಾಡುವುದು ಅದನ್ನೇ, ಮಾಡಲು ಬಿಡಿ.

ಇವೆಲ್ಲದರ ಜೊತೆಗೆ ವಿಡಿಯೋ, ಅಭ್ಯಾಸ, ವರದಿ ಮೂರೂ ನೆಟ್ ಇಲ್ಲದೆ ಬೇಕೆಂದರೆ ಲರ್ನಿಂಗ್ ಈಕ್ವಾಲಿಟಿ ಸಂಸ್ಥೆಯ ಕೊಲಿಬ್ರಿ ಇದೆ. ಒಂದು ಕಂಪ್ಯೂಟರಿಗೆ ಹಾಕಿ, ಒಂದು ರೌಟರ್ ಜೋಡಿಸಿದರೆ ಉಳಿದ ಸಾಧನಗಳು ಬ್ರೌಸರಿನಲ್ಲಿ ಅದರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರಿನ ಸಂಖ್ಯೆ), ಮುಂದೆ :8080 ಎಂದು ಹಾಕಿ ಒಳಬರುತ್ತವೆ. ಸೆಟ್ಟಿಂಗ್‌ನಲ್ಲಿ ಮಕ್ಕಳಿಗೆ ಪಾಸ್‌ವರ್ಡ್ ಬೇಡ ಎಂದು ಇಡಬಹುದು, ಹೆಸರು ಸಾಕು. ಯಾರು ಯಾವ ಅಭ್ಯಾಸದಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಟೀಚರಿಗೆ ಕಾಣುತ್ತದೆ. ಇದರಲ್ಲಿ ಪಾಠಗಳ ಸಂಗ್ರಹಕ್ಕೆ ಚಾನೆಲ್ ಎನ್ನುತ್ತಾರೆ. ಚಾನೆಲ್ ಪೂರ್ತಿ ಇಳಿಸಹೋಗಬೇಡಿ, ಖಾನ್ ಅಕಾಡೆಮಿಯ ಇಂಗ್ಲಿಷ್ ಚಾನೆಲ್ ಒಂದೇ ಹತ್ತಾರು ಜಿಬಿ ನುಂಗುತ್ತದೆ, ಬೇಕಾದ ಪಾಠಗಳನ್ನು ಮಾತ್ರ ಗುರುತು ಹಾಕಿ.

ಕೊಲಿಬ್ರಿ ತೆರೆಯುತ್ತಿಲ್ಲ ಎಂದಾಗ ತಂತ್ರಾಂಶವನ್ನು ಬೈಯುವ ಮೊದಲು ಮೂರು ಕಡೆ ನೋಡಬೇಕು. ಸರ್ವರ್ ಕಂಪ್ಯೂಟರಿನ ಫೈರ್‌ವಾಲ್ 8080 ಪೋರ್ಟನ್ನು ತಡೆದಿರಬಹುದು. ರೌಟರಿನಲ್ಲಿ ಸಾಧನಗಳನ್ನು ಒಂದರಿಂದ ಒಂದು ಬೇರೆ ಇಡುವ ಐಸೋಲೇಷನ್ ಆನ್ ಆಗಿರಬಹುದು, ಆಗ ವೈಫೈ ಸಿಕ್ಕಿದಂತೆ ಕಂಡರೂ ಪುಟ ಬರದು. ರೌಟರ್ ಆಫ್ ಮಾಡಿ ಆನ್ ಮಾಡಿದ ಮೇಲೆ ಕಂಪ್ಯೂಟರಿನ ಐಪಿ ಬದಲಾಗಿರಬಹುದು, ರೌಟರಿನಲ್ಲೇ ಆ ಯಂತ್ರಕ್ಕೆ ಒಂದು ವಿಳಾಸ ಕಾದಿರಿಸಿದರೆ ಗೋಡೆಗೆ ಅಂಟಿಸಿದ ವಿಳಾಸವನ್ನು ಪದೇಪದೇ ತಿದ್ದಬೇಕಿಲ್ಲ. ರೌಟರ್ ಬದಲು ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಬಹಳಷ್ಟು ಫೋನುಗಳು ಸುಮಾರು 10 ಸಾಧನಕ್ಕೇ ನಿಲ್ಲುತ್ತವೆ. ಎಲ್ಲರೂ ಒಂದೇ ಕ್ಷಣಕ್ಕೆ ವಿಡಿಯೋ ಒತ್ತಿದರೆ ಅಗ್ಗದ ರೌಟರ್ ಉಸಿರುಗಟ್ಟುತ್ತದೆ. ವಿಡಿಯೋವನ್ನು ಪ್ರೊಜೆಕ್ಟರಿನಲ್ಲಿ ಒಮ್ಮೆ ತೋರಿಸಿ, ಅಭ್ಯಾಸವನ್ನಷ್ಟೇ ಮಕ್ಕಳ ಕೈಗೆ ಕೊಡಿ.

ಉಚಿತ ಎಂಬುದು ಎಷ್ಟು ದಿನ ಎನ್ನುವುದನ್ನೂ ನೋಡಬೇಕು. ಬಹಳ ತರಗತಿಗಳು ನೆಚ್ಚಿಕೊಂಡಿದ್ದ ಗೂಗಲ್ ಜಾಮ್‌ಬೋರ್ಡ್ ಎಂಬ ಡಿಜಿಟಲ್ ಬೋರ್ಡ್ 2024ರ ಕೊನೆಗೆ ಮುಚ್ಚಿತು, ಮಕ್ಕಳು ವಿಡಿಯೋದಲ್ಲಿ ಉತ್ತರಿಸುವ ಮೈಕ್ರೋಸಾಫ್ಟ್‌ನ ಫ್ಲಿಪ್ ಕೂಡ ಅದೇ ವರ್ಷ ಸ್ವಂತ ಆ್ಯಪ್ ಆಗಿ ನಿಂತುಹೋಯಿತು. ಟಕ್ಸ್ ಪೇಂಟ್, ಜೀಕಾಂಪ್ರಿ, ಕೊಲಿಬ್ರಿಗಳನ್ನು ಹೀಗೆ ಒಂದೇ ದಿನದಲ್ಲಿ ಯಾರೂ ಕಸಿದುಕೊಳ್ಳಲಾರರು, ಕಂಪ್ಯೂಟರಿನಲ್ಲಿ ಕೂತದ್ದು ಕೂತೇ ಇರುತ್ತದೆ. ಅವುಗಳ ಇನ್‌ಸ್ಟಾಲ್ ಫೈಲ್‌ಗಳು, ಟಕ್ಸ್ ಪೇಂಟ್‌ನ ಸ್ಟಾರ್ಟರ್ಸ್ ಫೋಲ್ಡರ್, ಫೆಟ್‌ನ ಎಚ್‌ಟಿಎಂಎಲ್ ಫೈಲ್‌ಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಕೆಟ್ಟ ಯಂತ್ರವನ್ನು ಮತ್ತೆ ಸಿದ್ಧಮಾಡಲು ಒಂದು ಪೀರಿಯಡ್ ಸಾಕು. ಪ್ಲಿಕರ್ಸ್ ವರದಿಗಳು ಮಾತ್ರ ಆ ಕಂಪನಿಯ ಸರ್ವರಿನಲ್ಲಿರುತ್ತವೆ, ಅಲ್ಲಿ ಮಕ್ಕಳ ಪೂರ್ತಿ ಹೆಸರಿನ ಬದಲು ಹಾಜರಿ ಸಂಖ್ಯೆ ಹಾಕಿ, ಸೆಮಿಸ್ಟರ್ ಮುಗಿಯುವ ಮೊದಲು ಬೇಕಾದ್ದನ್ನು ಇಳಿಸಿಕೊಳ್ಳಿ.